ಸಾಕ್ಷಿಗೆ ಪಾಲಿಲ್ಲ

"ಅಲ್ಲೇ ನಿಂತ್ಕೊಳ್ಳೇ ಮುಂಡೇದೆ, ಒದ್ದೆ ಕಾಲು ಕಾರ್ಪೆಟ್ ಮೇಲಿಟ್ಟೀಯ. ಹೆಬ್ಬೆಟ್ಟು ಇತ್ತ ಕೊಡು."

ಕುಳ್ಳಿ ಅಡುಗೆಮನೆಯ ಬಾಗಿಲಲ್ಲೇ ನಿಂತು, ಕೈಯ ನೊರೆಯನ್ನು ಬಟ್ಟೆಗೆ ಒರೆಸಿ ಹೆಬ್ಬೆಟ್ಟು ಚಾಚಿದಳು. ಯಜಮಾನನ ತಾಯಿ ದೊಡ್ಡಮ್ಮೋರು ರಾತ್ರಿ ಹೊಲಸು ಮಾಡಿಕೊಂಡ ಚಾದರವನ್ನು ಬಚ್ಚಲಲ್ಲಿ ಕುಸುಬುತ್ತಿದ್ದವಳನ್ನು ಅವನೇ ಕೂಗಿ ಕರೆದಿದ್ದ. ಯಜಮಾನ ಅವಳ ಬೆರಳನ್ನು ಇಂಕಿಗೆ ಅದ್ದಿ, ಕಾಗದಕ್ಕೆ ಒತ್ತಿಸಿ, ತನ್ನ ಕೈಯನ್ನು ಕರವಸ್ತ್ರದಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡ.

"ಏನಿದು ಯಜಮಾನ್ರೆ?"

"ಅಮ್ಮ ಉಯಿಲು ಮಾಡಿದ್ದಾರೆ. ನೀನು ಸಾಕ್ಷಿ. ದೊಡ್ಡ ಮನುಷ್ಯಳಾದೆ, ಹೋಗು, ಲೋಟ ತೊಳಿ."

ಆ ಮನೆಯ ಪದ್ಧತಿಯೇ ಹಾಗೆ. ದೊಡ್ಡಮ್ಮೋರನ್ನು ಹೊರಳಿಸಲು, ತೊಳೆಯಲು, ಎತ್ತಿ ಕೂರಿಸಲು ಕುಳ್ಳಿ ಬೇಕು. ಹಾಲಿನಲ್ಲಿ ನೆಂಟರೋ ದೊಡ್ಡವರೋ ಬಂದು ಕೂತರೆ ಕುಳ್ಳಿಯ ನೆರಳೂ ಆ ಕಡೆ ಸುಳಿಯಬಾರದು. ಅವತ್ತು ವಕೀಲರೂ ಡಾಕ್ಟರೂ ಬಂದಿದ್ದರು. ಮುದುಕಿಗೆ ತಲೆ ಬಾಚಿ, ಶಾಲು ಹೊದಿಸಿ, ಗಾಲಿಕುರ್ಚಿಯನ್ನು ಹಾಲಿನ ಬಾಗಿಲವರೆಗೆ ತಳ್ಳಿದ್ದು ಕುಳ್ಳಿ. ಅಲ್ಲಿಂದಾಚೆಗೆ ಯಜಮಾನನೇ ತಳ್ಳಿಕೊಂಡು ಹೋಗಿ ಪರದೆ ಎಳೆದಿದ್ದ. ಒಳಗೆ ಯಾರು ಏನು ಮಾಡಿದರೋ ಅವಳಿಗೆ ಗೊತ್ತಿಲ್ಲ.

ಸಾಕ್ಷಿ ಅಂದರೆ ಏನು ಅಂತಲೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಮನಸ್ಸೆಲ್ಲ ಹಿತ್ತಲ ಕೋಣೆಯ ಮೇಲಿತ್ತು. ತಗಡಿನ ಮಾಡಿನ ಆ ಕೋಣೆಯಲ್ಲೇ ಅವಳೂ, ಸೊಂಟ ಬಿದ್ದು ಮಲಗಿದ ಅವಳ ಅಕ್ಕನೂ ಇದ್ದದ್ದು. ದೊಡ್ಡಮ್ಮೋರು ಸಿಟ್ಟು ಬಂದರೆ ಔಷಧಿ ಬಾಟಲು ಎಸೆಯುವ ಹೆಂಗಸು, ಆದರೂ ಒಂದಿನ ಕುಳ್ಳಿಯ ಕೈ ಹಿಡಿದು ಹೇಳಿದ್ದರು: "ಆ ಕೋಣೆ ನಿನ್ನ ಹೆಸರಿಗೆ ಬರೆಸ್ತೀನಿ ಕಣೇ. ಹೆತ್ತ ಮಕ್ಕಳು ನನ್ನ ಮುಟ್ಟೋದಿಲ್ಲ, ನೀನು ಮುಟ್ಟಿದ್ದೀಯ." ಕುಳ್ಳಿ ಅದನ್ನು ನಂಬಿದಳು. ಬೇರೆ ನಂಬಲು ಅವಳಿಗೆ ಏನೂ ಇರಲಿಲ್ಲ.

ಮುದುಕಿ ಸತ್ತ ಮೇಲೆ ವಕೀಲ ಉಯಿಲು ಓದಿದ. ಇಡೀ ಮನೆ ಮಗನಿಗೆ. ಮಗಳಿಗೆ ಚಿಕ್ಕಾಸೂ ಇಲ್ಲ. ಹಿತ್ತಲ ಕೋಣೆ ಮಾತ್ರ ಕುಳ್ಳಿಗೆ. ಬಾಗಿಲಾಚೆ ನಿಂತಿದ್ದ ಕುಳ್ಳಿಗೆ ಕಣ್ಣು ತುಂಬಿತು. ಮುದುಕಿಯ ಬಾಯಿಂದ ತಿಂದ ಬೈಗುಳವನ್ನೆಲ್ಲ ಆ ಗಳಿಗೆಯಲ್ಲೇ ಮನ್ನಿಸಿಬಿಟ್ಟಳು.

"ಬಹಳ ಕುಣೀಬೇಡ," ಅಂದ ವಕೀಲ. "ಉಯಿಲಿಗೆ ಸಾಕ್ಷಿ ಹಾಕಿದವರಿಗೆ ಅದರಲ್ಲಿ ಪಾಲು ಸಿಗೋದಿಲ್ಲ. ಆಸೆ ಇರೋ ಸಾಕ್ಷಿ ಸುಳ್ಳು ಹೇಳ್ತಾನೆ ಅಂತ ಕಾನೂನು. ನೀನೇ ಹೆಬ್ಬೆಟ್ಟು ಒತ್ತಿ ನೀನೇ ಕಳ್ಕೊಂಡೆ."

"ಅವತ್ತು ಯಾಕೆ ಹೇಳಲಿಲ್ಲ ಸ್ವಾಮಿ?"

"ನೀನು ಕೇಳಲಿಲ್ಲ."

ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. ತಾಯಿ ಸತ್ತ ಮನೆ ಅನ್ನುವುದನ್ನೂ ಮರೆತಿದ್ದ. ವಕೀಲನಿಗೂ ಹುರುಪು ಬಂತು. ಕುಳ್ಳಿ ಅಲ್ಲೇ ಇದ್ದಾಳೆ ಅನ್ನುವ ಪರಿವೆಯೇ ಇಲ್ಲದೆ ಹೇಳಿದ: "ಆ ಕೋಣೆ ಬರೆಯದಿದ್ರೆ ಸಹಿ ಹಾಕಲ್ಲ ಅಂತ ನಿಮ್ಮಮ್ಮ ಹಟ ಹಿಡಿದ್ರು. ಬರೆದುಬಿಟ್ಟೆ. ಆಮೇಲೆ ನಾನೇ ಅಲ್ವಾ ಹೇಳಿದ್ದು, ಸಾಕ್ಷಿಗೆ ಇವಳನ್ನೇ ಕರೀರಿ ಅಂತ? ಬರೆದ ಹಾಗೂ ಆಯ್ತು, ಹೋದ ಹಾಗೂ ಆಯ್ತು."

ಕುಳ್ಳಿ ಲೋಟ ಎತ್ತಿಕೊಂಡು ಹೋದಳು. ಕೋಣೆಗೆ ಬಂದು ಅಕ್ಕನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಸುಮ್ಮನಿರುತ್ತಾಳೆಯೇ? ತಾಯಿ ಇರುವಾಗ ಹೊಸ್ತಿಲು ತುಳಿಯದವಳು ಈಗ ಕೋರ್ಟಿನ ಹೊಸ್ತಿಲು ತುಳಿದಳು. ಉಯಿಲೇ ಸುಳ್ಳು, ತನಗೂ ಅರ್ಧ ಬರಬೇಕು ಅಂದಳು. ಸಾಕ್ಷಿಗಳನ್ನು ಕರೆಸಿ ಅಂದರು ಜಡ್ಜು. ಇನ್ನೊಂದು ಸಾಕ್ಷಿ ಹಾಕಿದ್ದ ಡಾಕ್ಟರು ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದವಳು ಕುಳ್ಳಿ ಒಬ್ಬಳೇ.

ಈಗ ನೋಡಿ ಮರ್ಯಾದೆ. ವಕೀಲನ ಆಫೀಸಿನಲ್ಲಿ ಕುಳ್ಳಿಗೆ ಕುರ್ಚಿ, ತಲೆ ಮೇಲೆ ಫ್ಯಾನು, ಕುಡಿಯಲು ತಣ್ಣನೆಯ ನೀರು.

"ಕೋರ್ಟಲ್ಲಿ ಇಷ್ಟೇ ಹೇಳಮ್ಮ. ದೊಡ್ಡಮ್ಮೋರು ಸಹಿ ಹಾಕಿದ್ದನ್ನ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದೆ."

"ನಾನು ಬಚ್ಚಲಲ್ಲಿದ್ದೆ ಅಲ್ವಾ ಸ್ವಾಮಿ?"

"ಬಚ್ಚಲು ಗಿಚ್ಚಲು ಎಲ್ಲ ಬೇಡ. ನೋಡಿದೆ ಅನ್ನು. ಸಾಕ್ಷಿ ನೋಡಿಲ್ಲ ಅಂದ್ರೆ ಉಯಿಲೇ ಬಿದ್ದುಹೋಗುತ್ತೆ."

ಯಜಮಾನ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ನೋಡಿದೆ ಅಂದ್ರೆ ಆ ಕೋಣೇಲಿ ಸಾಯೋವರೆಗೂ ಇರು. ನಿಮ್ಮಕ್ಕನೂ ಇರ್ಲಿ. ಇಲ್ಲಾಂದ್ರೆ ನಿನ್ನ ಗಂಟುಮೂಟೆ ಬೀದೀಲಿರುತ್ತೆ."

ಕುಳ್ಳಿ ಯೋಚಿಸಿದಳು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಅಕ್ಕನನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಒಂದು ಸುಳ್ಳಿಗೆ ಒಂದು ಮಾಡು ಸಿಗುವುದಾದರೆ ಹೇಳಿಬಿಡೋಣ ಅಂತಲೇ ಬಾಯಿ ತೆರೆದಳು.

"ಹೇಳ್ತೀನಿ ಯಜಮಾನ್ರೆ. ಕೋಣೆ ಮಾತು ಒಂದು ಕಾಗದದಲ್ಲಿ ಬರೆದುಕೊಡಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಯಜಮಾನ ಅವತ್ತಿನ ಹಾಗೆಯೇ ನಕ್ಕ. "ನಿಂಗ್ಯಾಕೆ ಬೇಕೇ ಕಾಗದ? ಓದೋಕೆ ಬರುತ್ತಾ? ನನ್ನ ಮಾತೇ ಸಾಕು."

ಕುಳ್ಳಿ ತಣ್ಣನೆಯ ನೀರನ್ನು ಪೂರ್ತಿ ಕುಡಿದು, ಆಯ್ತು ಅಂತ ತಲೆಯಾಡಿಸಿ ಎದ್ದಳು.

ಕೋರ್ಟಿನ ಕಟಕಟೆ ಅವಳ ಗಲ್ಲದವರೆಗೆ ಬರುತ್ತಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ವಕೀಲ ಬೆಣ್ಣೆಯಂಥ ದನಿಯಲ್ಲಿ ಕೇಳಿದ, "ದೊಡ್ಡಮ್ಮೋರು ಸಹಿ ಹಾಕೋವಾಗ ನೀವು ಎಲ್ಲಿದ್ರಿ ಅಮ್ಮ?"

"ಬಚ್ಚಲಲ್ಲಿ. ಅವರ ಹೇಲು ತೊಳೀತಿದ್ದೆ."

ಜಡ್ಜು ಕನ್ನಡಕ ಸರಿಸಿಕೊಂಡರು. "ಸಹಿ ಹಾಕಿದ್ದು ನೋಡಲಿಲ್ವಾ?"

"ಹೆಂಗೆ ನೋಡ್ಲಿ ಸ್ವಾಮಿ? ಒಳಗೆ ಬಿಟ್ರೆ ತಾನೆ? ಅಡುಗೆಮನೆ ಬಾಗಿಲಿಗೇ ಕಾಗದ ತಂದು ಬೆರಳು ಒತ್ತಿಸ್ಕೊಂಡ್ರು."

"ಇದನ್ನ ಹೇಳಿದ್ರೆ ಇರೋ ಕೋಣೇನೂ ಹೋಗುತ್ತೆ, ಗೊತ್ತಾ?" ಅಂದರು ಜಡ್ಜು.

"ನಂದು ಅವತ್ತೇ ಹೋಯ್ತು ಸ್ವಾಮಿ. ಇವತ್ತು ಹೋಗ್ತಿರೋದು ಅವರದ್ದು."

ಹೊರಗೆ ಯಜಮಾನ ಹಲ್ಲು ಕಡಿದ. "ಲೌಡಿ, ನಿನ್ನ ಸಾಮಾನು ಸಂಜೆಯೊಳಗೆ ರಸ್ತೇಲಿರುತ್ತೆ." ವಕೀಲ ಅವನ ತೋಳು ಹಿಡಿದು ಎಳೆದುಕೊಂಡು ಹೋದ. ಅವರ ಹಿಂದೆಯೇ ಮಗಳು ಬಂದಳು. ಮುಖದ ತುಂಬ ನಗು, ಕೈಯಲ್ಲಿ ಕಾರಿನ ಬೀಗದಕೈ.

"ಒಳ್ಳೇ ಕೆಲಸ ಮಾಡಿದೆ ಕಣೇ ಕುಳ್ಳಿ. ಇನ್ಮೇಲೆ ಅರ್ಧ ಮನೆ ನಂದೇ. ನಾಳೆ ಬೇಗ ಬಂದು ಧೂಳೆಲ್ಲ ಹೊಡೆದುಬಿಡು. ಕೋಣೆ ವಿಷಯ ಆಮೇಲೆ ನೋಡೋಣ."

ಕುಳ್ಳಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅದೇ ಮೂಗು, ಅದೇ ದನಿ.

"ಮೊದಲು ಕಾಗದ ಬರೀರಿ ಅಮ್ಮಾವ್ರೆ. ಪೊರಕೆ ಆಮೇಲೆ ನೋಡೋಣ."

ಹಾಗಂದವಳು ಕೋರ್ಟಿನ ಮೆಟ್ಟಿಲ ನಟ್ಟನಡುವೆ ಕಾಲು ಚಾಚಿ ಕೂತಳು. ಏಳು ಅಂದರೆ ಏಳಲಿಲ್ಲ. ಹತ್ತುವ ಇಳಿಯುವ ಕರಿಕೋಟುಗಳೆಲ್ಲ ಗೊಣಗುತ್ತ ಅವಳನ್ನು ಬಳಸಿಕೊಂಡು ಹೋದವು. ಮಗಳೂ ಬಳಸಿಕೊಂಡೇ ಇಳಿದಳು. ಸಂಜೆಗೆ ಅಕ್ಕನನ್ನು ಎಲ್ಲಿ ಮಲಗಿಸುವುದು ಅಂತ ಕುಳ್ಳಿಗೆ ಇನ್ನೂ ಹೊಳೆದಿರಲಿಲ್ಲ.