ಏಳು ಮರಿಗಳ ಬಾವಿ

ಹಗಲು ಕಂಡ ಬಾವಿಗೆ ಇಬ್ಬರು ಬಿದ್ದರಂತೆ. ಗಾದೆ ಹೀಗಿಲ್ಲ ಎಂದು ಜಗಳಕ್ಕೆ ಬರಬೇಡಿ, ನನಗೂ ಗೊತ್ತು. ಆದರೆ ಕುಲಗೋಡದಲ್ಲಿ ನಡೆದದ್ದು ಹೀಗೆಯೇ, ಮತ್ತು ಇದು ಖರೆ ಕಥೆ.

ಬಿದ್ದವರಲ್ಲಿ ಒಬ್ಬ ನನ್ನ ಸೋದರಮಾವ ಲಕ್ಕಪ್ಪ, ಕುರಿಯವನು. ಇನ್ನೊಬ್ಬ ಬಾಜೂ ಹೊಲದ ದುಂಡೇಶ ಕಾಕಾ, ಕಬ್ಬಿನವನು. ಇಬ್ಬರ ಹೊಲದ ನಡುವಿನ ಬದುವಿನ ಮೇಲೊಂದು ಬಾವಿ. ತೋಡಿದ್ದು ಮಾವ. "ಇದು ನಮ್ಮಿಬ್ಬರದು" ಎಂದು ಕಾಕಾ ಪಂಪ್‌ಸೆಟ್ ಖೋಲಿಗೆ ಕೀಲಿ ಜಡಿದಂದಿನಿಂದ ಇಬ್ಬರ ಮಾತೂ ಬಂದ್, ನೀರೂ ಬಂದ್. ಕುರಿಗಳು ಕಾಲುವೆಯವರೆಗೆ ನಡೆಯಬೇಕು. ಆದರೆ ಮಾವನ ಹಟ ನೀರಿನದಲ್ಲ.

"ನೀರ ಬೇಕಾದಷ್ಟ ಒಯ್ಲಿ. ಬಾವಿ ತೋಡಿದಾಂವ ಲಕ್ಕಪ್ಪ ಅಂತ ಆ ದುಂಡ್ಯಾ ಒಂದ ಸಲ ಅನಲಿ. ಅಷ್ಟ ಸಾಕ ನನಗ."

ಅದೊಂದನ್ನು ಕಾಕಾ ಅನ್ನುತ್ತಿರಲಿಲ್ಲ.

ಮೂಡಲಗಿ ಸಂತೆಗೆ ಮಾವನ ಜೊತೆ ಹೋದಾಗ ಚಹಾದಂಗಡಿಯಲ್ಲಿ ಹುಕ್ಕೇರಿಯ ಪ್ರಭು ಸಿಕ್ಕ. ಗೋಕಾಕದಲ್ಲಿ ನನ್ನೊಡನೆ ಬಿ.ಎ. ಓದಿ, ಆಮೇಲೆ ಪಾದ್ರಿಯಾಗಲು ಹೋಗಿ ಹೀಬ್ರೂ ಕಲಿತು ಬಂದವನು. ಬಾವಿಯ ಗೋಳು ಕೇಳಿ ಅವನಿಗೆ ಹುರುಪು ಬಂತು.

"ಮಾಮಾ, ಬೈಬಲ್‌ದಾಗ ನಿಮ್ಮದ ಕೇಸ್ ಐತ್ರಿ. ಬೇರ್ಷೆಬ ಅಂತ ಊರು. ಬೇರ್ ಅಂದ್ರ ಬಾವಿ."

"ಬೇರು ಗಿಡದ ಬುಡಕ ಇರ್ತೈತಿ ಬಿಡಪಾ," ಎಂದೆ ನಾನು. ಪ್ರಭು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಬ್ರಹಾಮ ಅಂತ ಕುರಿ ಕಾಯೋರ ಹಿರ್ಯಾ. ಅವನ ಬಾವಿ ಅಬೀಮೆಲೆಕ ರಾಜಾನ ಆಳಗೋಳು ಕಸಗೊಂಡ್ರು. ಅಬ್ರಹಾಮ ಏಳು ಹೆಣ್ಣಮರಿ ಬ್ಯಾರೆ ನಿಲ್ಲಿಸಿ ರಾಜಾಗ ಕೊಟ್ಟ. ಷೆಬ ಅಂದ್ರ ಏಳು."

ಮಾವನ ಚಹಾದ ಬಸಿ ತುಟಿಯವರೆಗೆ ಬಂದು ನಿಂತಿತು. "ತಡಿ. ಬಾವಿ ಕಳಕೊಂಡಾಂವ ಯಾರು?"

"ಅಬ್ರಹಾಮ."

"ಮರಿ ಕೊಟ್ಟಾಂವ?"

"ಅದೂ ಅಬ್ರಹಾಮ."

"ಇದೆಂಥಾ ಪಂಚಾಯ್ತಿಯೋ! ನಮ್ಮ ಕಡೆ ತಪ್ಪ ಮಾಡಿದಾಂವ ದಂಡ ಕೊಡ್ತಾನ."

"ಅದು ದಂಡ ಅಲ್ರಿ, ಸಾಕ್ಷಿ. ಮರಿ ಹಿಡಕೊಂಡಾಂವ 'ಬಾವಿ ನೀನ ತೋಡಿದ್ದು' ಅಂತ ಒಪ್ಪಿದಂಗ. ಆಮ್ಯಾಲೆ ಇಬ್ರೂ ಆಣಿ ಮಾಡಿದ್ರು. ಆಣಿ ಅನ್ನೋದಕ್ಕೂ ಅಂಥಾದ್ದ ಶಬ್ದ. ಹಂಗಾಗಿ ಏಳರ ಬಾವಿನೋ ಆಣಿ ಬಾವಿನೋ, ಓದಿದವರಿಗೂ ಗೊಂದಲ. ಮುಂದ ಮಗ ಇಸಾಕನ ಆಳಗೋಳೂ ಅಲ್ಲೇ ಬಾವಿ ತೋಡಿದ್ರು, ಅಂವನೂ ಹೆಸರಿಟ್ಟ."

"ಒಂದ ಊರಿಗೆ ಅಪ್ಪ ಒಮ್ಮಿ, ಮಗ ಒಮ್ಮಿ? ತೊಟ್ಟಲ ಎಷ್ಟ ಕಟ್ಟಿದ್ರೋ!" ಮಾವ ತಲೆ ಕೆರೆದುಕೊಂಡು ಎದ್ದ. "ಏನೂ ತಿಳೀಲಿಲ್ಲ. ಆ ದುಂಡ್ಯಾಗ ಮಾತ್ರ ನಾ ಒಂದ ಕುರಿ ಹಿಕ್ಕಿನೂ ಕೊಡಂಗಿಲ್ಲ."

ಹಾಗಾಗಿ ಕೊಡುವ ಕೆಲಸ ನನ್ನ ಗಂಟಲಿಗೆ ಬಿತ್ತು. ಯಾರ ದನಿಯಾದರೂ ನನಗೆ ಬರುತ್ತದೆ. ಪ್ರಭುವಿನ ಫೋನಿನಿಂದ ಮಾವನ ದನಿಯಲ್ಲಿ ಕಾಕಾನಿಗೆ ಮಾತಾಡಿ, ಏಳು ಹೆಣ್ಣುಮರಿ ಕೊಡುವುದಾಗಿ, ನಾಳೆ ಬಾವಿಗೆ ಬರಬೇಕಾಗಿ ಹೇಳಿದೆ. ಕಾಕಾನ ದನಿಯಲ್ಲಿ ಮಾವನಿಗೆ, ನಾಳೆ ಕೀಲಿ ತೆಗೆಯುವೆ, ಕುರಿ ಹೊಡೆದುಕೊಂಡು ಬಾ ಎಂದೆ.

ಮರುದಿನ ಮಾವ ಹಿಂಡಿನೊಡನೆ ಬಂದ. ಕಾಕಾ ಟೆಂಪೊ ತಂದಿದ್ದ. ಇಳಿದವನೇ ಒಂದು ಮರಿಯನ್ನು ಎತ್ತಿ ಬಗಲಿಗಿಟ್ಟುಕೊಂಡ.

"ಏ, ಮರಿ ಯಾಕ ಹಿಡದಿ?"

"ನೀನ ಕೊಡ್ತೀನಿ ಅಂದೆಲ್ಲ! ಇನ್ನ ಆರು ಎಲ್ಲಿ?"

"ಎಂಥಾ ಆರು? ನೀ ಮದಲ ಕೀಲಿ ತಗಿ."

"ಕೀಲಿ ಯಾಕ ತಗೀಲಿ?"

"ತಗೀತೀನಂತ ನೀನ ಫೋನ್ ಮಾಡಿದಿ!"

"ನಾ ಎಲ್ಲಿ ಮಾಡೇನಿ? ಮಾಡಿದಾಂವ ನೀನು."

"ನನ್ನ ಫೋನಿನ್ಯಾಗ ಕರೆನ್ಸಿನ ಇಲ್ಲೋ ಮಾರಾಯಾ!"

ಕುರಿಗಳೂ ಗಲಿಬಿಲಿಗೊಂಡು ಬಾವಿಗೊಂದು ಸುತ್ತು ಹಾಕಿದವು. ನಾನು ಟೆಂಪೊ ಮರೆಗೆ ಸರಿದೆ. ಸರಿದದ್ದೇ ತಪ್ಪಾಯಿತು, ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು.

ಎಲ್ಲ ಹೇಳಿದೆ. ಹೆದರಿಕೆಯಲ್ಲಿ ಅಬ್ರಹಾಮನನ್ನು ಇಸಾಕನ ಮಗನನ್ನಾಗಿ ಮಾಡಿದೆ, ರಾಜನ ಕೈಯಲ್ಲಿ ಗುದ್ದಲಿ ಕೊಟ್ಟೆ. ಕಾಕಾನಿಗೆ ಒಂದು ಮಾತು ಮಾತ್ರ ನೆಟ್ಟಗೆ ತಲುಪಿತು.

"ಅಂದ್ರ ಈಗ ನಾ ಈ ಮರಿ ಬಿಡಲಿಲ್ಲಂದ್ರ, ಬಾವಿ ಲಕ್ಕ್ಯಾ ತೋಡಿದ್ದು ಅಂತ ಒಪ್ಪಿದಂಗ?"

"ಹೌದ್ರಿ ಕಾಕಾ."

ಮರಿ ಅವನ ಅಂಗಿಯ ಗುಂಡಿ ಚೀಪುತ್ತಿತ್ತು. ಕಾಕಾ ಅದನ್ನು ಇಳಿಸಲು ಬಗ್ಗಿದ, ಅರ್ಧಕ್ಕೆ ನಿಂತ.

"ತೋಡಿದಾಂವ ನೀನ, ಲಕ್ಕ್ಯಾ. ಮಣ್ಣ ಹೊತ್ತಾಂವ ಯಾರು? ಇಡೀ ಬ್ಯಾಸಿಗಿ ಬುಟ್ಟಿ ಹೊತ್ತೇನಿ. ಒಬ್ಬರ ಮುಂದರ ಹೇಳಿದಿ ಏನ?"

ಮಾವ ಬಾವಿ ನೋಡಿದ, ಕಾಕಾನ ನೆತ್ತಿ ನೋಡಿದ. "ಅದು ಎಲ್ಲಾರಿಗೂ ಗೊತ್ತೈತಿ ಅಂತ..."

"ಯಾರಿಗೂ ಗೊತ್ತಿಲ್ಲ."

"ಹೊತ್ತಾಂವ ದುಂಡ್ಯಾ," ಎಂದ ಮಾವ, ನನ್ನ ಕಡೆ ತಿರುಗಿ. "ಕೇಳಿದ್ಯೇನ್ ಸುನೀಲ? ಊರಾಗ ಹೇಳು. ನಿನ್ನ ದನಿಯಾಗ ಹೇಳು."

ಕಾಕಾ ಮರಿಯನ್ನು ಬಗಲಲ್ಲಿಟ್ಟುಕೊಂಡೇ ಕೀಲಿ ತೆಗೆದು ಪಂಪ್ ಹಚ್ಚಿದ. ಕುರಿಗಳು ನೀರಿಗೆ ನುಗ್ಗಿದವು. ಆಗ ಕಾಕಾನ ಹೆಗಲು ನಗೆಯಲ್ಲಿ ಅಲುಗತೊಡಗಿತು.

"ನಾ ಎಂಥಾ ಹುಚ್ಚಾಂವಲೇ! ಫೋನಿನ್ಯಾಗ ಈ ಸುನೀಲ 'ಬರ್ರಿ ದುಂಡೇಶಣ್ಣಾ, ಚಹಾ ಆತೇನ್ರಿ' ಅಂದ. ಈ ಲಕ್ಕ್ಯಾ ಹುಟ್ಟಿದಾಗಿಂದ ನನಗ ಒಂದರ 'ರಿ' ಹಚ್ಚ್ಯಾನೇನ? ಅಲ್ಲೇ ತಿಳೀಬೇಕಿತ್ತು!"

ಮಾವ ನಕ್ಕ. ಧೈರ್ಯ ಮಾಡಿ ನಾನೂ ನಕ್ಕೆ. ಕಾಕಾ ಮಾತ್ರ ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತು, ಬಗಲಿನ ಮರಿ ಬೆಚ್ಚಿ ಅರಚುವಷ್ಟು ಜೋರಾಗಿ ನಕ್ಕ.