ಒಂದು-ಒಂದು, ಮೂಲ ಬೇಕು

ಗಾಜಿನ ಅಂಚು ಉಜ್ಜುವ ಯಂತ್ರ ತಿರುಗುತ್ತಿರುವಾಗ ಫೋನ್ ಮುಟ್ಟಬಾರದೆಂದು ಕನ್ನಡಕದ ಅಂಗಡಿಯ ಮಾಲೀಕ ಎಷ್ಟು ಬೈದರೂ ಅವಳ ಕೈ ಕೇಳುತ್ತಿರಲಿಲ್ಲ. ಅಂದು ಬೆಳಗ್ಗೆ ಆಗಲೇ ಒಂದು ಗಾಜು ಹಾಳಾಗಿತ್ತು.

"ಆ ಫೋನಿನಲ್ಲಿ ಏನಮ್ಮಾ ಮಗು ಮಲಗಿಸಿದ್ದೀಯಾ? ಗಳಿಗೆಗೊಂದು ಸಲ ನೋಡ್ತೀಯಲ್ಲ!"

"ಇಲ್ಲ ಸಾರ್, ಆಯ್ತು," ಅಂದಳು. ಮಾಲೀಕ ಅತ್ತ ತಿರುಗಿದ್ದೇ ಮತ್ತೆ ನೋಡಿದಳು.

ಅಂತರ್ಜಾಲದ ವಿಶ್ವಕೋಶದಲ್ಲಿ ಪ್ರಾಂತೀಯ ಫುಟ್‌ಬಾಲ್ ಲೀಗಿನ ಈ ವರ್ಷದ ಪುಟ ಅದು. ಪಂದ್ಯಗಳು, ಫಲಿತಾಂಶ, ಅಂಕಪಟ್ಟಿ ಎಲ್ಲವನ್ನೂ ಹೆಚ್ಚುಕಡಿಮೆ ಅವಳೊಬ್ಬಳೇ ಕಟ್ಟಿದ್ದಳು. ಎಲ್ಲ ಚೌಕಗಳೂ ತುಂಬಿದ್ದವು, ಒಂದನ್ನು ಬಿಟ್ಟು. ಕೋಲ್ಡ್ ಸ್ಟೋರೇಜ್ ತಂಡಕ್ಕೂ ಬಸ್ ಡಿಪೋ ತಂಡಕ್ಕೂ ನಡೆದ ಪಂದ್ಯ ಅರ್ಧಕ್ಕೇ ನಿಂತಿತ್ತು. ಅಲ್ಲಿ ಅವಳು ಒಂದು-ಒಂದು ಎಂದು ಹಾಕುವುದು, 'ಬೇಲಿ' ಎಂಬ ಹೆಸರಿನ ಇನ್ನೊಬ್ಬ ಸಂಪಾದಕ ಅದನ್ನು ಅಳಿಸಿ ಬರೀ ಗೆರೆ ಎಳೆಯುವುದು, ಇದೇ ನಡೆದಿತ್ತು. ಬೇಲಿ ಗಂಡೋ ಹೆಣ್ಣೋ, ಎಲ್ಲಿಯವರೋ ಗೊತ್ತಿಲ್ಲ. ಅಳಿಸಿದಾಗಲೆಲ್ಲ ಪಕ್ಕದಲ್ಲಿ ಅದೇ ಎರಡು ಪದ: ಮೂಲ ಬೇಕು. ಎಲ್ಲಿಂದ ತಿಳಿಯಿತೆಂಬ ಆಧಾರ ತೋರಿಸು ಎಂದರ್ಥ.

ಅವಳ ಮೂಲ ಮನೆಯಲ್ಲೇ ಉಂಡು ಮಲಗುತ್ತಿತ್ತು. ಅವಳ ತಮ್ಮನೇ ಕೋಲ್ಡ್ ಸ್ಟೋರೇಜ್ ತಂಡದ ಗೋಲ್‌ಕೀಪರ್. ಕೈಗೆ ಬಂದ ಚೆಂಡು ಅಂಟಿಕೊಂಡುಬಿಡುತ್ತದೆಂದು ಎಲ್ಲರೂ ಅವನನ್ನು ಗೋಂದು ಎನ್ನುತ್ತಿದ್ದರು. ಆ ದಿನ ಅವಳು ಅಂಗಡಿಯಲ್ಲಿದ್ದಳು, ಮೈದಾನಕ್ಕೆ ಹೋಗಿರಲಿಲ್ಲ. "ಕತ್ತಲಾಯ್ತು ಕಣಕ್ಕಾ, ಚೆಂಡೇ ಕಾಣ್ತಿರಲಿಲ್ಲ. ಸೀಟಿ ಊದಿ ಮನೆಗೆ ಹೋಗಿ ಅಂದ್ರು. ಆಗ ಒಂದು-ಒಂದು," ಎಂದು ಬೂಟು ಕಳಚುತ್ತಾ ಅವನೇ ಹೇಳಿದ್ದ.

ಆ ಪಂದ್ಯ ಸಮವೆಂದಾದರೆ ಸಿಗುವ ಅಂಕದಲ್ಲಿ ತಂಡ ಮೇಲಿನ ಡಿವಿಜನ್‌ನಲ್ಲಿ ಉಳಿಯುತ್ತಿತ್ತು. ಇಲ್ಲವಾದರೆ ಕೆಳಗೆ. ಕೆಳಗಿಳಿದ ತಂಡವನ್ನು ನಾನು ಸಾಕುವುದಿಲ್ಲ ಎಂದು ಕೋಲ್ಡ್ ಸ್ಟೋರೇಜಿನ ಯಜಮಾನ ಮುಖಕ್ಕೆ ಹೊಡೆದಂತೆ ಹೇಳಿದ್ದ. ಆಟಗಾರನೆಂಬ ಕಾರಣಕ್ಕೆ ತಮ್ಮನಿಗೆ ಗೇಟಿನಲ್ಲಿ ಕೂತು ಲಾರಿಗಳಿಗೆ ಚೀಟಿ ಹರಿದು ಕೊಡುವ ಕೆಲಸ ಸಿಕ್ಕಿತ್ತು. ತಂಡ ಹೋದರೆ ಮತ್ತೆ ಒಳಗಿನ ಹಿಮದ ಕೋಣೆಯಲ್ಲಿ ಪೆಟ್ಟಿಗೆ ಹೊರಬೇಕು. ಹಿಂದೆ ಹೊತ್ತಾಗ ಹತ್ತಿದ ಕೆಮ್ಮು ತಿಂಗಳುಗಟ್ಟಲೆ ಅವನನ್ನೂ ಬಿಡಲಿಲ್ಲ, ಮನೆಯವರನ್ನು ನಿದ್ದೆ ಮಾಡಲೂ ಬಿಡಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದಂತೆಯೇ ಬಿಟ್ಟು ಲೀಗಿನ ಕಾರ್ಯದರ್ಶಿಯ ಬಳಿ ಓಡಿದಳು. ಅವರದು ಟೈರ್ ಅಂಗಡಿ. ಲೀಗಿನ ಕಚೇರಿಯೆಂದರೆ ಟೈರುಗಳ ಹಿಂದಿದ್ದ ಒಂದು ಮೇಜು, ಒಂದು ಕಂಪ್ಯೂಟರ್, ಮೂಗಿಗೆ ಅಡರುವ ರಬ್ಬರ್ ವಾಸನೆ.

"ಆ ನಿಂತುಹೋದ ಪಂದ್ಯದ ಫಲಿತಾಂಶ ಲೀಗಿನ ಕಡೆಯಿಂದ ಬರೆದುಕೊಡಿ ಸಾರ್. ಪುಟಕ್ಕೆ ಮೂಲ ಬೇಕು."

"ನಾಳೆ ಅಂಕಪಟ್ಟಿ ಹೊರಡಿಸ್ತಿದ್ದೀವಲ್ಲಮ್ಮ, ನೋಡು." ಅವರು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. ಅದರಲ್ಲಿ ಅವಳದೇ ಪುಟ ತೆರೆದಿತ್ತು. ಅವಳು ಆರಿಸಿದ ಬಣ್ಣಗಳು, ಅವಳು ಎಳೆದ ಚೌಕಗಳು. ಬೇಲಿಯ ಗೆರೆಯೂ ಇತ್ತು.

"ಸಾರ್, ಇದು ನಾನು ಬರೆದದ್ದು!"

"ನೀನಾ? ಭೇಷ್! ಎರಡು ವರ್ಷದಿಂದ ಈ ಪುಟಗಳನ್ನೇ ಪ್ರಿಂಟ್ ಹಾಕಿ ಸೀಲ್ ಒತ್ತುತ್ತಾ ಇದ್ದೀವಿ. ಒಂದು ತಪ್ಪಿಲ್ಲ ನೋಡು."

"ನಾವು ನಿಮ್ಮನ್ನ ನೋಡಿ ಬರೆಯೋದು ಸಾರ್. ನೀವು ನಮ್ಮನ್ನ ನೋಡಿ ಸೀಲ್ ಒತ್ತಿದ್ರೆ ಹೇಗೆ?"

"ತಲೆ ಕೆಡಿಸ್ಕೋಬೇಡ. ಈಗ ಇಲ್ಲೇ ಒಂದು-ಒಂದು ಹಾಕು. ನಾನು ಪ್ರಿಂಟ್ ತೆಗೆದು ಸೀಲ್ ಒತ್ತಿ ಕೊಡ್ತೀನಿ. ಅದನ್ನೇ ಮೂಲ ಅಂತ ತೋರಿಸು. ನಿನ್ನ ಕೆಲಸವೂ ಆಯ್ತು, ನನ್ನದೂ ಆಯ್ತು."

ಅವಳ ಹೆಬ್ಬೆರಳು ಫೋನಿನ ಮೇಲೆ ಹೋಯಿತು. ಅಂಕೆ ಹಾಕಿದಳು, ಉಳಿಸುವ ಗುಂಡಿಯ ಹತ್ತಿರ ಬಂದು ನಿಂತಳು. ತನ್ನ ಬಾಲವನ್ನೇ ಹಿಡಿಯಲು ಸುತ್ತುವ ನಾಯಿ ನೆನಪಾಯಿತು. ಸೀಲು ನೋಡಿದರೆ ಬೇಲಿ ಸುಮ್ಮನಾಗಬಹುದು, ತಾನು ಸುಮ್ಮನಾಗುವುದು ಕಷ್ಟ. ಹೇಗೂ ಒಂದು-ಒಂದು ಆದದ್ದು ನಿಜವೇ ತಾನೆ, ಸರಿಯಾಗಿಯೇ ಗಟ್ಟಿ ಮಾಡಿಕೊಂಡರಾಯಿತು.

"ರೆಫರಿಗೆ ಒಂದು ಫೋನ್ ಮಾಡಿ ಸಾರ್. ಅವರ ಬಾಯಲ್ಲೇ ಬರಲಿ."

"ಯಾಕೆ ಸುಮ್ಮನೆ..." ಎಂದು ಗೊಣಗುತ್ತಲೇ ಕಾರ್ಯದರ್ಶಿ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ರೆಫರಿಯ ಹೊಟ್ಟೆಪಾಡು ಡ್ರೈವಿಂಗ್ ಶಾಲೆ.

"ಹೇಳಿ. ಕ್ಲಚ್ಚು, ಕ್ಲಚ್ಚು! ಬ್ರೇಕಲ್ಲಮ್ಮಾ! ನಿಮಗಲ್ಲ ಸಾರ್, ಹೇಳಿ."

"ಆ ಡಿಪೋ ಪಂದ್ಯ. ಕತ್ತಲಾದಾಗ ಒಂದು-ಒಂದು ಇತ್ತಲ್ವಾ?"

"ಒಂದು-ಒಂದು ಸರಿ. ಕತ್ತಲು ಯಾವುದು? ಚುರುಚುರು ಬಿಸಿಲಿತ್ತು. ಡಿಪೋದವರಿಗೆ ಪೆನಾಲ್ಟಿ ಕೊಟ್ಟೆ. ಆ ಗೋಲ್‌ಕೀಪರ್ ಪುಣ್ಯಾತ್ಮ ಚೆಂಡು ತಗೊಂಡು ಗೋಡೆ ಆಚೆ ಕಾರ್ಖಾನೆಗೆ ಒದ್ದುಬಿಟ್ಟ. ಇದ್ದದ್ದೇ ಒಂದು ಚೆಂಡು. ವಾಚ್‌ಮನ್ ಗೇಟು ತೆಗೀಲಿಲ್ಲ. ಎಷ್ಟು ಹೊತ್ತು ನಿಂತ್ಕೊಳ್ಳಲಿ? ಸೀಟಿ ಊದಿ ಬಂದೆ. ಇಷ್ಟು ದಿನ ಒಬ್ಬರಾದ್ರೂ ಕೇಳಿದ್ರಾ? ಎಡಕ್ಕೆ, ಎಡಕ್ಕೆ! ಆಟ ನಿಲ್ಲಿಸಿದ ತಂಡಕ್ಕೆ ಸೊನ್ನೆ-ಮೂರು ಸೋಲು ಸಾರ್, ನಿಮ್ಮದೇ ನಿಯಮ."

ಕಾರ್ಯದರ್ಶಿ ಫೋನ್ ಇಟ್ಟು ಅವಳ ಮುಖ ನೋಡಿದರು. "ನಾನೇನೂ ಕೇಳಿಸ್ಕೊಂಡಿಲ್ಲ. ಗೋಂದು ನಿನ್ನ ತಮ್ಮ ಅಂತ ನನಗೂ ಗೊತ್ತು. ಒಂದು-ಒಂದು ಹಾಕು."

ಅವಳು ಹಾಕಿದ್ದನ್ನು ಅಳಿಸಿದಳು. "ಸೊನ್ನೆ-ಮೂರು ಅಂತ ಬರೆದುಕೊಡಿ," ಅಂದಳು. ಧ್ವನಿ ಸಿಡುಕಿನದಾಗಿತ್ತು. ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ. ಕಾರ್ಯದರ್ಶಿ ಎದ್ದುಹೋಗಿ ಒಬ್ಬ ಗಿರಾಕಿಯನ್ನು ಕಳಿಸಿ ಬಂದರು. ಅವಳು ಅಲ್ಲೇ ಇದ್ದಳು. ಕೊನೆಗೆ ಬರೆದುಕೊಟ್ಟರು. ಅದನ್ನೇ ಮೂಲವೆಂದು ತೋರಿಸಿ ಅವಳು ಪುಟದಲ್ಲಿ ಸೋಲನ್ನೂ ಅದರ ಕಾರಣವನ್ನೂ ಹಾಕಿದಳು.

ಸಂಜೆ ಮನೆಯ ಮೆಟ್ಟಿಲ ಮೇಲೆ ತಮ್ಮ ಕೂತು ಕೈಗವಸಿನ ಮಣ್ಣು ಕೆರೆಯುತ್ತಿದ್ದ. ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು.

"ಕತ್ತಲಾಗಿತ್ತಾ?"

ಅವನು ಓದಿದ. "ಸಿಟ್ಟು ಬಂತು ಅಕ್ಕಾ. ಅದು ಪೆನಾಲ್ಟಿನೇ ಅಲ್ಲ. ಒದ್ದಮೇಲೇ ಗೊತ್ತಾಗಿದ್ದು, ಇನ್ನೊಂದು ಚೆಂಡು ಇಲ್ಲ ಅಂತ."

"ನನ್ನ ಹತ್ರ ಯಾಕೋ ಸುಳ್ಳು ಹೇಳಿದೆ? ನಿನ್ನ ಬಾಯಿ ನಂಬಿ ಎಷ್ಟು ಸಲ ಜಗಳ ಆಡಿದ್ದೀನಿ ಗೊತ್ತಾ?"

"ಸೋಲು ಹಾಕೋದು ಹಾಕಿದೆ. ಈ ಕೆಳಗಿನ ಸಾಲು ಬೇಕಿತ್ತಾ? 'ಗೋಲ್‌ಕೀಪರ್ ಚೆಂಡನ್ನು ಮೈದಾನದ ಹೊರಗೆ ಒದ್ದ ಕಾರಣ'..."

"ನಿನ್ನ ಹೆಸರು ಹಾಕಿಲ್ಲ."

"ನಮ್ಮ ಟೀಮಲ್ಲಿ ಇರೋದೇ ಒಬ್ಬ ಗೋಲ್‌ಕೀಪರ್ ಅಕ್ಕಾ! ಹೆಸರು ಬೇರೆ ಬೇಕಾ?" ಎಂದವನು ಮತ್ತೆ ಕೈಗವಸು ಕೆರೆಯತೊಡಗಿದ. "ಟೀಮ್ ಕೆಳಗಿಳಿದ್ರೆ ಸೋಮವಾರದಿಂದ ಹಿಮದ ಕೋಣೆ ಒಳಗೆ ಬಾ ಅಂದಿದ್ದಾರೆ. ಅಪ್ಪನ ಆ ಹಳೇ ಸ್ವೆಟರ್ ಎಲ್ಲಿಟ್ಟಿದ್ದೀಯಾ?"

"ಬೀರುವಿನಲ್ಲಿ. ಮೇಲಿನ ಅರೆ. ಹುಳ ತಿಂದಿದೆ, ತೋಳು ಹೊಲಿದುಕೊಡ್ತೀನಿ."

ಅವನು ಎದ್ದು ಒಳಗೆ ಹೋದ. ಅವಳು ಹೋಗಲಿಲ್ಲ. ಪುಟವನ್ನು ಮತ್ತೆ ತೆರೆದಳು, ಮುಚ್ಚಿದಳು, ತೆರೆದಳು. ಬೇಲಿ ಈ ಸಲ ಏನನ್ನೂ ಅಳಿಸಿರಲಿಲ್ಲ. ಮೊದಲ ಸಲ ಧನ್ಯವಾದ ಹೇಳಿ, ಕೆಳಗೆ ಒಂದು ಸಾಲು ಸೇರಿಸಿತ್ತು: ಯಾವ ಗೋಲ್‌ಕೀಪರ್? ಗೊತ್ತಿದ್ದರೆ ಹೆಸರು ಸೇರಿಸಿ.

ಒಳಗೆ ಬೀರುವಿನ ಬಾಗಿಲು ಕಿರುಗುಟ್ಟಿತು. ಅವಳು ಫೋನನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಸೂಜಿ ದಾರ ತರಲೆಂದು ಎದ್ದಳು, ಬಾಗಿಲವರೆಗೆ ಹೋದಳು, ತಿರುಗಿ ಬಂದು ಮತ್ತೆ ಕೈಗೆತ್ತಿಕೊಂಡಳು.