ಬಣ್ಣದ ಮೇಲೆ ಬಿಗಿದ ಬೋಲ್ಟು

ನನ್ನ ತಮ್ಮ ತೀರಿಕೊಂಡು ಐದು ತಿಂಗಳಾದ ಮೇಲೆ ಆ ಹಳೆಯ ಲಾರಿ ಮತ್ತೆ ನಮ್ಮ ಗ್ಯಾರೇಜಿಗೆ ಬಂತು. ತಾನಾಗಿ ಬರಲಿಲ್ಲ, ಇನ್ನೊಂದು ಲಾರಿ ಸರಪಳಿ ಹಾಕಿ ಎಳೆದು ತಂದಿತು. ಹಳೆಯ ಲಾರಿಯ ಡ್ರೈವರನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಾರೆ. ಒಂದು ಕಡೆ ಕೇಳಿದ್ದನ್ನು ಹತ್ತು ಕಡೆ ಹೇಳದೆ ಅವನಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

"ಯಜಮಾನ್ರೇ, ನಿಮ್ಮ ಮಗಳು ತವರಿಗೆ ಬಂದಿದಾಳೆ," ಎಂದು ಇಳಿಯುತ್ತಲೇ ಕೂಗಿದ. "ಬರೋವಾಗ ಇರೋ ಬರೋ ಕಾಯಿಲೇನೆಲ್ಲ ಕಟ್ಕೊಂಡು ಬಂದಿದಾಳೆ!"

ಕಾಯಿಲೆಗಳನ್ನು ಬೆರಳು ಮಡಿಸಿ ಹೇಳಿದ. ಬೆಳಿಗ್ಗೆ ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರು ಎಳೆಯುವುದಿಲ್ಲ. ಎಳೆದರೂ ಎಂಜಿನ್ ಹಿಡಿಯುವುದಿಲ್ಲ. ಹೆಡ್‌ಲೈಟು ಮಂಕು, ಅದನ್ನು ಹಾಕಿದರೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕುಣಿಯುತ್ತದೆ, ಆರಿಸಿದರೆ ಸುಮ್ಮನಾಗುತ್ತದೆ. ಎಕ್ಸಿಲೇಟರ್ ಕೇಬಲ್ಲುಗಳು ಮೂರು ಸುಟ್ಟಿವೆ. ಬೇರೆ ಕಡೆ ತೋರಿಸಿ ಹೊಸ ಬ್ಯಾಟರಿ, ಹೊಸ ಸೆಲ್ಫ್ ಹಾಕಿಸಿದ್ದೂ ಆಯಿತು.

"ಎಲ್ಲ ನಿಮ್ಮ ತಮ್ಮನ ವೈರಿಂಗ್ ಮಹಿಮೆ. ಹೋದವರ ಬಗ್ಗೆ ಹಾಗನ್ನಬಾರದು, ಆದ್ರೂ ಇದ್ದದ್ದು ಇದ್ದ ಹಾಗೆ ಹೇಳ್ಬೇಕಲ್ಲ."

ಆ ಮಾತನ್ನು ಅವನ ಬಾಯಿಗೆ ಹಾಕಿದವನು ನಾನೇ.

ನಮ್ಮ ಗ್ಯಾರೇಜಿನಲ್ಲಿ ನಮ್ಮ ತಂದೆಯ ಕಾಲದಿಂದ ಒಂದು ಕಟ್ಟಳೆ ಇತ್ತು. ಬೋಲ್ಟು ಅಣ್ಣನದು, ವೈರು ತಮ್ಮನದು. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಮುಟ್ಟಬಾರದು. ಕರೆಂಟು ಬ್ಯಾಟರಿಗೆ ಹಿಂದಿರುಗಲೆಂದು ಎಂಜಿನ್ನಿಗೂ ಲಾರಿಯ ಚೌಕಟ್ಟಾದ ಚಾಸಿಗೂ ನಡುವೆ ಕಟ್ಟುವ ಅರ್ತ್ ಪಟ್ಟಿ ಹೆಣೆದ ತಾಮ್ರದ ವೈರೇ ಆದರೂ ಅದನ್ನು ಬೋಲ್ಟಿನಿಂದ ಬಿಗಿಯಬೇಕಾದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಹೋದ ವರ್ಷ ಈ ಲಾರಿಯ ಎಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕೂರಿಸಿದವನು ನಾನು. ವೈರಿಂಗನ್ನೆಲ್ಲ ಹೊಸದಾಗಿ ಎಳೆದವನು ತಮ್ಮ. ಆಗಲೇ ಕಾಯಿಲೆಯಿಂದ ಅವನ ಕೈ ನಡುಗಲು ಶುರುವಾಗಿತ್ತು.

ಒಂದು ತಿಂಗಳಿಗೆ ಲಾರಿ ಇದೇ ದೂರು ಹೊತ್ತು ಬಂತು. ನಾನು ರೇಡಿಯೋನ ಎದುರಿಗೇ ತಮ್ಮನಿಗೆ, "ಕೈ ನೆಟ್ಟಗಿಲ್ಲದವನು ಮನೇಲಿ ಕೂತ್ಕೋಬೇಕು," ಎಂದುಬಿಟ್ಟೆ. ಅವನು, "ಅಣ್ಣಾ, ಎಂಜಿನ್ ಅರ್ತ್ ಒಂದ್ಸಲ ಬಿಚ್ಚಿ ನೋಡು," ಎಂದ. "ಅದು ನಾನು ಬಿಗಿದದ್ದು. ನನಗೇ ಹೇಳಿಕೊಡ್ತೀಯಾ?" ಎಂದೆ. ಅವನು ಕರೆಂಟು ನೋಡುವ ಟೆಸ್ಟ್ ಲ್ಯಾಂಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಮತ್ತೆ ಗ್ಯಾರೇಜಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಅವನ ಹಾಸಿಗೆಯ ಪಕ್ಕ ಎಷ್ಟೋ ದಿನ ಕೂತಿದ್ದೆ. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದಿನವೂ ಬಾಗಿಲು ತೆಗೆಯುವ ಮೊದಲು ನಾನು ದೇವರನ್ನು ನೆನೆಯುತ್ತೇನೆ. ತಮ್ಮನ ತಪ್ಪನ್ನು ಕ್ಷಮಿಸು ತಂದೇ ಎಂದು ಐದು ತಿಂಗಳಿಂದ ಬೇಡುತ್ತಿದ್ದೆ. ಅವನ ತಪ್ಪನ್ನು!

ತಮ್ಮನ ಮಗಳು ಅಪ್ಪನ ಕಸುಬನ್ನೇ ಹಿಡಿದಿದ್ದಾಳೆ. ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಅಪ್ಪನ ಮೇಜಿನ ಮುಂದೆಯೇ ಕೂರುತ್ತಾಳೆ. ಆದರೆ ರೇಡಿಯೋನ ಪ್ರಚಾರದಿಂದಾಗಿ ಲಾರಿಯವರಾರೂ ಅವಳ ಕಡೆ ಸುಳಿಯುತ್ತಿರಲಿಲ್ಲ. ಮನೆಗಳ ಫ್ಯಾನು, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದಳು. ಹೀಗೇ ಆದರೆ ಈ ತಿಂಗಳ ಕೊನೆಗೆ ಮೇಜು ಖಾಲಿ ಮಾಡಿ ಫ್ಯಾನ್ ಕಾರ್ಖಾನೆಗೆ ಸೇರುತ್ತೇನೆಂದು ಹಿಂದಿನ ವಾರವಷ್ಟೇ ನನಗೆ ಹೇಳಿದ್ದಳು.

ನಾನು ಮೊದಲು ಡೀಸೆಲ್ ಲೈನು ನೋಡಿದೆ. ಕೈಪಂಪು ಒತ್ತಿದಾಗ ಫಿಲ್ಟರಿನ ಬಾಯಲ್ಲಿ ಸಣ್ಣ ಗುಳ್ಳೆಗಳು ಬಂದವು. ಯಾರೋ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರು. ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಹೊಸ ವಾಷರು ಹಾಕಿ ಗಾಳಿ ತೆಗೆದೆ. ಎಂಜಿನ್ ಹಿಡಿಯದಿರುವುದಕ್ಕೆ ಕಾರಣ ಸಿಕ್ಕಿತೆಂದು ಮನಸ್ಸಿಗೆ ಹಾಯೆನಿಸಿತು. ಕೀ ತಿರುಗಿಸಿದರೆ ಸೆಲ್ಫ್ ಮುಲುಕಿ ನಿಂತಿತು. ಡ್ಯಾಶ್‌ಬೋರ್ಡಿನ ದೀಪಗಳು ಕಣ್ಣು ಮುಚ್ಚಿದವು.

"ನಾನು ನೋಡ್ಲಾ ದೊಡ್ಡಪ್ಪ?" ಎಂದಳು ಹುಡುಗಿ.

ರೇಡಿಯೋ ಅಡ್ಡ ಬಂದ. "ಬೇಡಮ್ಮ ತಾಯಿ. ನಿಮ್ಮಪ್ಪ ಸುಟ್ಟಿದ್ದು ಸಾಕು. ನೀನು ಮಿಕ್ಸಿ ನೋಡ್ಕೋ."

"ನಿಮ್ಮ ಲಾರಿ ಶಬ್ದ ಕೇಳಿದ್ರೆ ಮಿಕ್ಸಿನೇ ವಾಸಿ ಕಣಣ್ಣ. ಅದಾದ್ರೂ ಬಟನ್ ಒತ್ತಿದ್ರೆ ತಿರುಗುತ್ತೆ," ಎಂದಳು ಅವಳು. ಅವನು ನಕ್ಕು ದಾರಿ ಬಿಟ್ಟ.

ಅವಳು ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದಳು, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿದಳು. "ಸೆಲ್ಫ್ ಹೊಡೀರಿ," ಎಂದಳು. ರೇಡಿಯೋ ಹೊಡೆದ. ಸೊನ್ನೆಯ ಹತ್ತಿರವೇ ಇರಬೇಕಾದ ಅಂಕಿ ಆರು ವೋಲ್ಟಿಗೆ ಏರಿತು. ಅವಳು ಕಡ್ಡಿಯನ್ನು ಎಂಜಿನ್ನಿನಿಂದ ಚಾಸಿಗೆ ಸರಿಸಿದಳು. ಅಂಕಿ ಇಳಿಯಿತು. ಅಂದರೆ ದೋಷವಿದ್ದದ್ದು ಅವೆರಡರ ನಡುವೆ, ನಾನು ಬಿಗಿದ ಅರ್ತ್ ಪಟ್ಟಿಯಲ್ಲಿ. ಅವಳು ನನ್ನ ಮುಖ ನೋಡಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಲಾರಿಯ ಕೆಳಗೆ ನುಸುಳಿದಳು. ನಾನೂ ಮೊಣಕಾಲು ಊರಿ ಅವಳ ಹಿಂದೆ ನುಸುಳಿದೆ.

ಅರ್ತ್ ಪಟ್ಟಿ ಕಟ್ಟಿದಲ್ಲಿಯೇ ಇತ್ತು. ಬೋಲ್ಟು ಬಿಗಿಯಾಗಿಯೇ ಇತ್ತು. ಅವಳು ಬಿಚ್ಚಿದಳು. ಪಟ್ಟಿಯ ಕೆಳಗೆ ಚಾಸಿಯ ಮೇಲೆ ಕಪ್ಪು ಬಣ್ಣ ಗಾಜಿನಂತೆ ಹೊಳೆಯುತ್ತಿತ್ತು. ತುಕ್ಕು ಹಿಡಿಯದಿರಲೆಂದು, ನೋಡಲು ಚೆನ್ನಾಗಿರಲೆಂದು ನಾನೇ ಎರಡು ಕೋಟು ಹೊಡೆದ ಬಣ್ಣ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ, ಅದನ್ನು ಕೆರೆದು ಬರಿಯ ಕಬ್ಬಿಣಕ್ಕೆ ಪಟ್ಟಿ ಕೂರಿಸಬೇಕೆಂಬುದು ನಮ್ಮ ಕಸುಬಿನ ಎಳೆಯ ಹುಡುಗರಿಗೂ ಗೊತ್ತು. ಎಂಜಿನ್ನಿನಿಂದ ಕರೆಂಟು ಹಿಂದಿರುಗಲು ಬೇರೆ ದಾರಿ ಕಾಣದೆ ಆ ಸಣ್ಣ ಎಕ್ಸಿಲೇಟರ್ ಕೇಬಲ್ಲಿನ ಮೂಲಕ ನುಗ್ಗಿ ಅದನ್ನು ಸುಟ್ಟಿತ್ತು. ಸೆಲ್ಫ್ ಸೋತದ್ದು, ದೀಪ ಮಂಕಾದದ್ದು, ಮುಳ್ಳು ಕುಣಿದದ್ದು, ಎಲ್ಲಕ್ಕೂ ಕಾರಣ ಆ ಅಂಗೈಯಗಲದ ಬಣ್ಣ.

ತಮ್ಮನಿಗೆ ಅದು ಗೊತ್ತಾಗಿತ್ತು. ಬೋಲ್ಟು ಅಣ್ಣನದು ಎಂಬ ಕಟ್ಟಳೆಗೆ ಕಟ್ಟುಬಿದ್ದು ಅವನು ಕೈ ಹಾಕಲಿಲ್ಲ. ಕೇಳಿದ, ಅಷ್ಟೇ.

ಲಾರಿಯ ಕೆಳಗಿನ ಕತ್ತಲೆಯಲ್ಲಿ ಅವಳು ಪಿಸುದನಿಯಲ್ಲಿ, "ತುಕ್ಕು ಹಿಡಿದಿತ್ತು ಅಂತ ಹೇಳೋಣ ಬಿಡಿ ದೊಡ್ಡಪ್ಪ. ಈ ವಯಸ್ಸಲ್ಲಿ ನಿಮಗೆ ಯಾಕೆ?" ಎಂದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಳ್ಳುಗಾರನನ್ನು ಸೆರಗಿನಲ್ಲಿ ಮರೆಮಾಡಿದಂತೆ ಆ ಮಾತು ನನ್ನನ್ನು ಕುಗ್ಗಿಸಿತು. ಒಂದು ಗಳಿಗೆ, ಒಂದೇ ಗಳಿಗೆ, ಒಪ್ಪಿಬಿಡೋಣವೆಂದೂ ಅನ್ನಿಸಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹೊರಗೆ ಬಂದು ರೇಡಿಯೋಗೆ ಹೇಳಿದೆ. "ತಪ್ಪು ನನ್ನದಪ್ಪ. ಬಣ್ಣದ ಮೇಲೆ ಅರ್ತ್ ಕಟ್ಟಿದವನು ನಾನು. ತಮ್ಮನ ವೈರಿಂಗ್‌ನಲ್ಲಿ ಒಂದು ಎಳೆ ಹೆಚ್ಚುಕಮ್ಮಿ ಇಲ್ಲ."

ಅವನು ಬೀಡಿ ಹಚ್ಚಲು ಹೊರಟವನು ಹಾಗೇ ನಿಂತ. "ಅಯ್ಯೋ ಯಜಮಾನ್ರೇ… ನಾನು ದಾರಿಯುದ್ದಕ್ಕೂ ಸಾರ್ಕೊಂಡು ಬಂದಿದೀನಲ್ರೀ."

"ಇನ್ಮೇಲೆ ಇದನ್ನ ಸಾರು."

"ನಾನು ಹೇಳಿದ್ರೆ ನಗ್ತಾರೆ. ಅಣ್ಣ ಇವನ ಕೈಗೆ ದುಡ್ಡು ತುರುಕಿದಾನೆ ಅಂತಾರೆ."

ಹುಡುಗಿ ಉಪ್ಪುಕಾಗದ ತಂದಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಕೆಳಗೆ ಹೋಗಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿದೆ. ಪಟ್ಟಿಯನ್ನು ಅವಳಿಂದಲೇ ಕಟ್ಟಿಸಿದೆ. ಬೋಲ್ಟನ್ನೂ ಅವಳೇ ಬಿಗಿದಳು. ಹೊಸ ಕೇಬಲ್ಲು ಹಾಕಿದಳು. ಕೀ ತಿರುಗಿಸಿದ ಕೂಡಲೇ ಎಂಜಿನ್ ಗುಡುಗಿತು. ಹೆಡ್‌ಲೈಟು ಹಾಕಿದರೂ ಮುಳ್ಳು ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕೂತೆ. ಯಾರ ತಪ್ಪನ್ನು ಕ್ಷಮಿಸು ಎನ್ನಬೇಕೆಂದು ಗೊತ್ತಿದ್ದರೂ ನಾಲಿಗೆ ಏಳಲಿಲ್ಲ. ಎದ್ದು ಅಂಗಿ ಹಾಕಿಕೊಂಡು ಹೋಗಿ, ರಾತ್ರಿ ಗ್ಯಾರೇಜಿನಲ್ಲೇ ಉಳಿದಿದ್ದ ಲಾರಿಯ ಕ್ಯಾಬಿನ್ ಹತ್ತಿದೆ. "ಎಲ್ಲೆಲ್ಲಿ ನನ್ನ ತಮ್ಮನ ಮಾತಾಡಿದೀಯೋ ಅಲ್ಲೆಲ್ಲ ನಿಲ್ಲಿಸು," ಎಂದೆ ರೇಡಿಯೋಗೆ. ಹುಡುಗಿ ಬಾಗಿಲ ಬಳಿ ಓಡಿಬಂದು, "ಎಲ್ಲಿಗೆ ದೊಡ್ಡಪ್ಪ, ಮಾತ್ರೆ ತಗೊಂಡ್ರಾ?" ಎಂದಳು. "ಸಾಯಂಕಾಲ ಬರ್ತೀನಿ. ಮೇಜು ಖಾಲಿ ಮಾಡಬೇಡ," ಎಂದೆ.

ಮೊದಲ ಲಾರಿ ನಿಲ್ದಾಣದಲ್ಲಿ ಏಳೆಂಟು ಡ್ರೈವರುಗಳು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಅವರ ಮುಂದೆ ನಿಂತು, ಈ ಲಾರಿ ಕೆಟ್ಟದ್ದು ನನ್ನ ತಮ್ಮನಿಂದಲ್ಲ, ನನ್ನಿಂದ, ಎಂದೆ.

ಅವರಲ್ಲೊಬ್ಬ ಲೋಟ ಕೆಳಗಿಟ್ಟು, "ಯಾವ ತಮ್ಮ, ಅಜ್ಜ? ಆ ಕೈ ನೆಟ್ಟಗಿಲ್ಲದೋನಾ?" ಎಂದ.

ಅದು ನನ್ನದೇ ಮಾತು. ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಬೆಂಚಿನ ತುದಿಯಲ್ಲಿ ಕೂತು, ನನ್ನ ತಮ್ಮ ಹತ್ತನೆಯ ವಯಸ್ಸಿನಲ್ಲಿ ಸುಟ್ಟ ಬಲ್ಬೊಂದನ್ನು ಅಲುಗಿಸಿ, ಒಳಗಿನ ತುಂಡಾದ ತಂತಿ ಕೂಡಿಸಿ, ಮತ್ತೆ ಉರಿಸಿ ಅಪ್ಪನಿಗೆ ತೋರಿಸಿದಲ್ಲಿಂದ ಹೇಳತೊಡಗಿದೆ.